ಎದುರಿನ ತಾರಸಿ

ಆಸ್ಪತ್ರೆಯ ತಾರಸಿಯ ಮೇಲೆ ಬಿಳಿಯ ನಡುವೆ ಕೆಂಪು ಪ್ಲಸ್ ಗುರುತು ಬರೆಯಬೇಕು, ವಿಮಾನದಿಂದ ನೋಡಿದವನಿಗೆ ಎದ್ದು ಕಾಣಬೇಕು ಎಂದು ಮೇಟ್ರನ್ ಹೇಳಿದಾಗ ಬೋರ್ಡು ಬರೆಯುವವನು ತಲೆ ಕೆರೆದುಕೊಂಡ. ಅವನ ಹೆಂಡತಿ ಕೆಳಗೆ ಹೆರಿಗೆ ವಾರ್ಡಿನಲ್ಲೇ ಇದ್ದಳು. ಇನ್ನೆರಡು ದಿನ ಅವಳನ್ನು ಹಾಸಿಗೆಯಿಂದ ಅಲುಗಿಸಬಾರದೆಂದು ಡಾಕ್ಟರು ಹೇಳಿದ್ದರು.

"ಪಕ್ಕದ ಊರಿನ ಆಸ್ಪತ್ರೆ ಮೇಲೂ ಇದೇ ಗುರುತಿತ್ತಲ್ವಾ ಸಿಸ್ಟರ್?"

"ಇತ್ತು."

"ಮೊದಲ ಬಾಂಬು ಅಲ್ಲಿಗೇ ಬಿತ್ತು. ಕರೆಯೋಲೆ ಕೊಟ್ಟ ಹಾಗಾಯ್ತು."

ಮೇಟ್ರನ್ ಅಲ್ಲಗಳೆಯಲಿಲ್ಲ. ಆಸ್ಪತ್ರೆ ಮೇಲೆ ಬಾಂಬು ಹಾಕಿದ್ದು ತಪ್ಪೆಂದು ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪು ಕೊಟ್ಟಿದೆ ಎಂದರು. ನಮ್ಮ ರಕ್ಷಣೆಗೆ ನಾವೇನು ಮಾಡಿಕೊಂಡರೂ ಕೇಳಲು ಹೊರಗಿನವರು ಯಾರು ಎಂದು ಬಾಂಬು ಹಾಕಿದ ದೇಶದ ಮಂತ್ರಿ ಹೇಳಿದನಂತೆ. ತೀರ್ಪು ಕೊಟ್ಟವರು ಕಡತ ಕಟ್ಟಿಕೊಂಡು ಎದ್ದರಂತೆ. ಹೋದ ವರ್ಷ ಇಲ್ಲಿನ ಮಂತ್ರಿಯೂ ಇದೇ ಮಾತನ್ನು ಇನ್ನೂ ಜೋರಾಗಿ ಆಡಿದ್ದ. ಆಗ ಊರೆಲ್ಲ ಚಪ್ಪಾಳೆ ತಟ್ಟಿತ್ತು, ಬೋರ್ಡಿನವನೂ ಸೇರಿ. ಏನೇ ಇರಲಿ, ಕಾನೂನು ಕಾನೂನೇ, ನೀನು ಬರಿ ಎಂದು ಹೇಳಿ ಮೇಟ್ರನ್ ವಾರ್ಡಿಗೆ ಹೋದರು.

ಸಂಜೆ ಮೇಟ್ರನ್ ತಾರಸಿ ಹತ್ತಿ ನೋಡಿದರೆ ಬರೀ ಸಿಮೆಂಟು, ಒಂದು ಹನಿ ಬಣ್ಣವಿಲ್ಲ. ರೈಲು ಹಳಿಗಳ ಆಚೆ, ವರ್ಷಗಳಿಂದ ಖಾಲಿ ಬಿದ್ದಿದ್ದ ಗೋದಾಮಿನ ತಾರಸಿಯ ಮೇಲೆ, ಹಾಲಿನಂಥ ಬಿಳುಪಿನಲ್ಲಿ ಕೆಂಪು ಗುರುತು ಹೊಳೆಯುತ್ತಿತ್ತು. ಬೋರ್ಡಿನವನು ಸೀಮೆಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದ.

"ಇದು ಅಪರಾಧ ಕಣಪ್ಪ. ಆಸ್ಪತ್ರೆ ಅಲ್ಲದ ಕಡೆ ಈ ಗುರುತು ಹಾಕಬಾರದು ಅಂತ ಆ ಕಾನೂನಲ್ಲೇ ಇದೆ."

"ಹಾಗಾದ್ರೆ ನನ್ನ ಹಿಡಿಸಿ ಸಿಸ್ಟರ್. ನಮ್ಮಂಥೋರ ಮೇಲಾದ್ರೂ ಅದು ನಡೀಲಿ."

"ಒಳಗೆ ಯಾರಾದ್ರೂ ಇದ್ದಾರಾ?"

"ಒಂದು ಬೆಕ್ಕು ಸಂಸಾರ ಹೂಡಿತ್ತು. ಮರಿಗಳ ಸಮೇತ ನಿಮ್ಮ ಅಡುಗೆಮನೇಲಿ ತಂದು ಬಿಟ್ಟಿದ್ದೀನಿ."

ಕೆಳಗೆ ಹೆರಿಗೆ ವಾರ್ಡಿನಲ್ಲಿ ಯಾರೋ ನರಳಿದರು. ಅವನ ಕೈ ಬಟ್ಟೆಯಲ್ಲೇ ನಿಂತಿತು. ಮೇಟ್ರನ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಗೋದಾಮಿನ ಕಡೆ ಬಹಳ ಹೊತ್ತು ನೋಡಿದರು.

"ಗುರುತಿನ ಎಡಗಡೆ ತೋಳು ಗಿಡ್ಡವಾಗಿದೆ," ಎಂದರು. "ನೋಡಿದವನಿಗೆ ಅನುಮಾನ ಬರುತ್ತೆ. ಬೆಳಕಿರೋವಾಗಲೇ ಹೋಗಿ ಸರಿ ಮಾಡಿ ಬಾ."