ಜಡೆ ಹಾಕುವಷ್ಟು ಹೊತ್ತು

"ಜಡ್ಜ್ ಮೇಡಂ ಕೇಳಿದ್ರೆ ಏನ್ ಹೇಳ್ತೀಯ?"

"ಅಮ್ಮ ಹೊಡೀತಾಳೆ. ರೂಮಲ್ಲಿ ಕೂಡಿಹಾಕ್ತಾಳೆ. ನಾನು... ನಾನು..."

"ಅಪ್ಪನ ಹತ್ರಾನೇ ಇರ್ತೀನಿ! ಎಷ್ಟ್ ಸಲ ಹೇಳ್ಕೊಡ್ಲಿ?"

ವಾರವಿಡೀ ಅಪ್ಪ ಬಾಯಿಪಾಠ ಮಾಡಿಸಿದ ಸುಳ್ಳು ಫ್ಯಾಮಿಲಿ ಕೋರ್ಟಿನ ಮೆಟ್ಟಿಲ ಮೇಲೂ ಮಗಳ ಬಾಯಲ್ಲಿ ತಡವರಿಸುತ್ತಿತ್ತು.

ಒಳಗಿನಿಂದ ಕರೆ ಬರುವುದು ತಡವಾಯಿತು. ಎದುರು ಬೆಂಚಿನಲ್ಲಿದ್ದ ಹೆಂಡತಿ ಎದ್ದು ಬಂದಳು. "ಜಡೆ ಬಿಚ್ಚೋಗಿದೆ. ಹಾಕಿ ಕಳಿಸ್ತೀನಿ."

ಅವನು ಮಗಳ ಕೈ ಬಿಟ್ಟ. ತಾಯಿ ಮಗಳು ಕಿಟಕಿಯ ಬಳಿ ಕುಳಿತರು. ಹೊಡೆಯುವ ಕೈ ಎಂದು ಅವನು ಹೇಳಿಕೊಟ್ಟ ಆ ಕೈ ಸಿಕ್ಕು ಬಿಡಿಸುವಾಗಲೂ ಮಗುವಿಗೆ ನೋಯದಂತೆ ಕೂದಲ ಬುಡ ಹಿಡಿದುಕೊಂಡಿತ್ತು. ಇಬ್ಬರೂ ಏನೋ ಪಿಸುಗುಡುತ್ತಿದ್ದರು. ಇನ್ನು ಎಲ್ಲ ಕೆಟ್ಟಿತು ಎಂದುಕೊಂಡ.

ಕೆಡಲಿಲ್ಲ. ಜಡ್ಜ್ ಮಗುವನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದರು. ಸದ್ಯಕ್ಕೆ ಮಗು ತಂದೆಯ ಬಳಿಯೇ ಇರಲಿ ಎಂದು ಆದೇಶವಾಯಿತು. ಹೆಂಡತಿ ಅಳಲಿಲ್ಲ, ಕೂಗಾಡಲಿಲ್ಲ. ಮಗಳ ತಲೆ ನೇವರಿಸಿ ಹೊರಟುಹೋದಳು.

ಆಟೋದಲ್ಲಿ ಅವನಿಗೆ ಮಗಳ ಮುಖ ನೋಡಲಾಗಲಿಲ್ಲ. ಆ ಬಿಗಿಯಾದ ಜಡೆಯನ್ನೇ ನೋಡುತ್ತ ಕೇಳಿದ.

"ಒಳಗೆ ಹೆದರಿಕೆ ಆಯ್ತಾ ಪುಟ್ಟೀ?"

"ಇಲ್ಲಪ್ಪ. ಮರೆತುಹೋದ್ರೆ ನೀನು ಬೈತೀಯ ಅಂತ ಅಮ್ಮನ ಹತ್ರ ಅತ್ತುಬಿಟ್ಟಿದ್ದೆ. ಜಡೆ ಹಾಕ್ತಾ ಹಾಕ್ತಾ, ಪೂರ್ತಿ ಬಾಯಿಗೆ ಬರೋವರೆಗೂ ಅಮ್ಮಾನೇ ಹೇಳಿಸಿದ್ಲು."