ಹಲಗೆಯ ಮೇಲಿನ ಗೆರೆಗಳು

"ಬಿಡು," ಎಂದರು ರಾಘಣ್ಣ ಮಾಸ್ತರರು. ಓರೆಯಾಗಿಟ್ಟ ಹಲಗೆಯ ಮೇಲ್ತುದಿಯಿಂದ ವಿದ್ಯಾರ್ಥಿ ಸುಂದರ ಹಿತ್ತಾಳೆಯ ಗುಂಡನ್ನು ಬಿಟ್ಟ. "ವಿಠಲ... ವಿಠಲ... ವಿಠಲ..." ಮಾಸ್ತರರು ನಾಮ ನುಡಿದಾಗಲೆಲ್ಲ ಗುಂಡು ಇದ್ದಲ್ಲಿ ಅವನ ಸಹಪಾಠಿ ಶಿವಪುತ್ರಪ್ಪ ಸೀಮೆಸುಣ್ಣದಿಂದ ಗೆರೆ ಎಳೆದ. ಕೆಳತುದಿಯಲ್ಲಿ ಮಾಸ್ತರರೇ ಗುಂಡನ್ನು ಅಂಗೈಯಲ್ಲಿ ಹಿಡಿದುಕೊಂಡರು.

ಪುಣೆಯ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸೆಕೆಂಡು ಅಳೆಯುವ ಗಡಿಯಾರ ಒಂದೇ. ಅದು ಮೇಲಿನ ತರಗತಿಯವರಿಗೆ. ಕೆಳಗಿನವರಿಗೆ ಮಾಸ್ತರರ ನಾಮವೇ ಗಡಿಯಾರ. ಅದರ ಸಮಲಯಕ್ಕೆ ಗುಂಡು ಪ್ರತಿವರ್ಷವೂ ತನ್ನ ನಿಯಮ ತೋರಿಸುತ್ತಿತ್ತು: ವೇಗ ಏರಿದಂತೆ ಗೆರೆಗೆರೆಯ ನಡುವಿನ ಅಂತರವೂ ಹೆಚ್ಚಬೇಕು.

ಇನ್‌ಫ್ಲುಯೆಂಜಾ ಜ್ವರದಲ್ಲಿ ಮಗ ಪಂಢರಿ ತೀರಿಕೊಂಡಿದ್ದ. ವೈಕುಂಠ ಸಮಾರಾಧನೆ ಮುಗಿದ ಮರುದಿನವಾದ ಇಂದೇ ಮಾಸ್ತರರು ಕೆಲಸಕ್ಕೆ ಹೊರಟಿದ್ದರು. "ಇಷ್ಟ ಲಗೂ ಯಾಕ್ರಿ?" ಎಂದ ಹೆಂಡತಿಗೆ, "ನಾಮ ಒಂದು ಉಳದದಲ್ಲ. ಅದನ್ನ ಹಿಡಕೊಂಡು ನಡೀತೀನಿ," ಎಂದಿದ್ದರು.

ಸುಂದರ ಅಳತೆಪಟ್ಟಿ ಇಟ್ಟು ನೋಡಿ ನಕ್ಕ. "ಮಾಸ್ತರ್ರ, ಗುಂಡು ವಾರಕರಿ ಆಗ್ಯದ್ರಿ! ಪಂಢರಪುರಕ್ಕ ಹೋಗೋ ಭಜನಿ ದಿಂಡಿಯೊಳಗ ನಡದಂಗ ಒಂದ ಸಮ ಹೊಂಟದ."

ಅಂತರಗಳೆಲ್ಲ ಸಮ. ಮಾಸ್ತರರು ಹಲಗೆಯ ಕೆಳಗೆ ಇನ್ನೊಂದು ಇಟ್ಟಿಗೆ ಇಡಿಸಿದರು. ಮತ್ತೆ ಗುಂಡು, ಮತ್ತೆ ನಾಮ. ಮತ್ತೆ ಸಮ.

"ಗುಂಡು ಬದಲಿಸ್ರಿ."

ಶಿವಪುತ್ರಪ್ಪ ಸೀಮೆಸುಣ್ಣ ಕೆಳಗಿಟ್ಟ. "ಸಿಟ್ಟಾಗಬ್ಯಾಡ್ರಿ. ಗುಂಡಿನ ತಪ್ಪಲ್ರಿ. ನಿಮ್ಮ ನಾಮಾನ ಬರಬರತ ಲಗೂ ಲಗೂ ಆಗಾಕತ್ತೈತಿ. ಅದಕ್ಕ ಗೆರಿ ಸಮ ಬೀಳಾಕತ್ತಾವ."

ಮಾಸ್ತರರು ಮೇಜಿಗೆ ಕೈಯೂರಿದರು. "ಕಡೀಕ ಪಂಢರಿಯ ಉಸರಿಗೊಂದು ನಾಮ ಹೇಳ್ಕೋತ ಕೂತಿದ್ದೆ," ಎಂದರು. "ಉಸರು ಓಡಲಿಕ್ಕೆ ಹತ್ತಿತು. ಅದರ ಹಿಂದ ನಾನೂ ಓಡಿದೆ. ಈಗ ಬಾಯಿಗೆ ಬ್ಯಾರೆ ನಡಿಗಿ ಬರವಲ್ದು."

ಸುಂದರನ ಮುಖ ಬಾಡಿತು. "ನಾ ಹೇಳ್ಲೇನ್ರಿ? ವಿಠಲ..."

"ಬ್ಯಾಡ!" ಮಾಸ್ತರರು ಕೈ ಅಡ್ಡ ಹಿಡಿದರು. "ಒಂದು, ಎರಡು ಅನ್ನು. ಅಷ್ಟ ಸಾಕು."

ಸುಂದರ ಎಣಿಸಿದ. ಗೆರೆಗಳು ಒಂದಕ್ಕಿಂತ ಒಂದು ದೂರ ಬಿದ್ದವು. ಎಳ್ಳಷ್ಟೂ ನಿಯಮ ತಪ್ಪದೆ ಗುಂಡು ಹಲಗೆಯ ತುದಿಗೆ ಬಂತು. ಮಾಸ್ತರರ ಅಂಗೈ ಅಲ್ಲಿ ತೆರೆದೇ ಇತ್ತು, ಹಿಡಿಯಲು ಮುಂದೆ ಸರಿಯಲಿಲ್ಲ. ಗುಂಡು ಅದರ ಪಕ್ಕದಲ್ಲೇ ಹಾಯ್ದು ನೆಲಕ್ಕೆ ಬಿತ್ತು.