ಫೈಲ್ ಓಪನ್ ಆಗುತ್ತಿಲ್ಲ

ತುಮಕೂರಿನ ವಾಮನಮೂರ್ತಿ ಮೇಷ್ಟ್ರಿಗೆ ರಿಟೈರ್ ಆದ ಮೇಲೂ ಒಂದು ಕ್ಲಾಸ್ ಇತ್ತು... ಫೋನಿನಲ್ಲಿ.

"ಓದು-ಕೇಳು" ಅನ್ನುವ ಗ್ರೂಪ್ ಅದು. ಕಣ್ಣು ಕಾಣದ ಇನ್ನೂರೈವತ್ತು ಜನರಿಗಾಗಿ ಕೆಲವರು ಪಾಠಗಳನ್ನು ಓದಿ, ರೆಕಾರ್ಡ್ ಮಾಡಿ ಕಳಿಸುತ್ತಿದ್ದರು.

ಯಾರು ಯಾವ ಪಾಠ ಓದಬೇಕು ಅಂತ ಸದಸ್ಯರೇ ಸೇರಿ ತೀರ್ಮಾನ ಮಾಡೋರು. ಫೈಲ್‌ಗಳನ್ನು ಪರೀಕ್ಷಿಸಿ ಎಲ್ಲರಿಗೂ ಹಂಚುವ ಕೆಲಸ ಅಡ್ಮಿನ್ ಆಗಿದ್ದ ಮೇಷ್ಟ್ರದ್ದು. ಅವರೂ ಪಾಠ ಓದುತ್ತಿದ್ದರು.

ಮೇಷ್ಟ್ರ ದನಿ ಗಂಟೆ ಹೊಡೆದ ಹಾಗೆ. ಪ್ರತಿ ಪಾಠಕ್ಕೂ ಮೂವತ್ತು, ನಲವತ್ತು ಥ್ಯಾಂಕ್ಸ್ ಬರುತ್ತಿದ್ದವು. ಅವರು ಅದನ್ನು ಎಣಿಸುತ್ತಿದ್ದರು ಕೂಡ...

ಅಷ್ಟರಲ್ಲಿ ಶಂಶಾದ್ ಬಂದಳು.

ಶಹಾಬಾದಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟವಳು. ಓದಿದ್ದು ಪಿಯುಸಿ. ಹೊಲಿಗೆ ಮುಗಿಸಿ ಮಧ್ಯಾಹ್ನ ಅಂಗಡಿಯಲ್ಲೇ ಕೂತು ರೆಕಾರ್ಡ್ ಮಾಡೋಳು. ಹಿಂದೆ ಟ್ರಕ್ಕುಗಳ ಹಾರನ್ ಕೇಳಿಸುತ್ತಿತ್ತು.

ಆದರೆ ಅವಳು ಒಂದು ಕೆಲಸ ಮಾಡುತ್ತಿದ್ದಳು. ಪುಸ್ತಕದಲ್ಲಿ ನಕ್ಷೆ ಬಂದರೆ ಮೇಷ್ಟ್ರು "ಇಲ್ಲಿ ಒಂದು ನಕ್ಷೆ ಇದೆ" ಅಂತ ಹೇಳಿ ಮುಂದೆ ಹೋಗುತ್ತಿದ್ದರು. ಶಂಶಾದ್ ನಿಲ್ಲುತ್ತಿದ್ದಳು...

"ನಿಮ್ಮ ಎಡಗೈ ಚಾಚ್ರಿ, ಆ ಕಡಿ ಸಮುದ್ರ ಅದ. ತಲಿ ಮ್ಯಾಗ ಬೀದರ ಅದ..."

ಹುಟ್ಟಿದಾಗಿನಿಂದ ನಕ್ಷೆಯನ್ನೇ ಕಾಣದವರು ಕೈ ಚಾಚಿ ಕರ್ನಾಟಕವನ್ನು ಮುಟ್ಟಿದರು. ಅವತ್ತು ಅವಳಿಗೆ ಬಂದ ಥ್ಯಾಂಕ್ಸ್ ನೂರಾ ಹನ್ನೆರಡು.

ಮೇಷ್ಟ್ರು ಅದನ್ನೂ ಎಣಿಸಿದರು.

ನಲವತ್ತು ವರ್ಷ ವ್ಯಾಕರಣ ಕಲಿಸಿದವನು ನಾನು... ಜನ ಮೆಚ್ಚೋದು ಇವಳನ್ನಾ?

ಉಚ್ಚಾರಣೆ ಶುದ್ಧವಿಲ್ಲ, ಇವಳಿಗೆ ಪಾಠ ಕೊಡೋದು ಬೇಡ ಅಂತ ಗ್ರೂಪಿನಲ್ಲಿ ಹೇಳಿ ನೋಡಿದರು. ಯಾರೂ ಒಪ್ಪಲಿಲ್ಲ. ಟೀಚರ್ ಪರೀಕ್ಷೆಗೆ ಬೇಕಾದ ನಕ್ಷೆಯ ಎರಡು ಪಾಠಗಳನ್ನು ಅವಳೇ ಓದಲಿ ಅಂತ ಎಲ್ಲರೂ ಕೇಳಿದರು.

ಅವಳು ಓದಿ ಕಳಿಸಿದಳು. ಮೇಷ್ಟ್ರು ಕೇಳಿದರು. ತುಂಬಾ ಚೆನ್ನಾಗಿತ್ತು. ಅದೇ ಅವರನ್ನು ಸುಟ್ಟಿದ್ದು.

ಫೈಲ್ ಡಿಲೀಟ್ ಮಾಡಿ, "ಫೈಲ್ ಓಪನ್ ಆಗುತ್ತಿಲ್ಲ, ಮತ್ತೆ ಕಳಿಸಿ" ಅಂತ ಬರೆದರು.

ಅವಳು ಮತ್ತೆ ಓದಿದಳು. ಮತ್ತೆ ಅದೇ ಉತ್ತರ. ಹೀಗೇ ನಾಲ್ಕು ಸಲ...

ಕೊನೆಗೆ, ತನ್ನ ಹಳೇ ಫೋನೇ ಕೆಟ್ಟಿರಬೇಕು, ನಿಮಗೆಲ್ಲ ತೊಂದರೆ ಆಯಿತು ಅಂತ ಕ್ಷಮೆ ಕೇಳಿ ಶಂಶಾದ್ ಗ್ರೂಪ್ ಬಿಟ್ಟಳು. ಮೇಷ್ಟ್ರಿಗೆ ಎರಡು ದಿನ ಊಟ ರುಚಿಸಿತು.

ಮೂರು ತಿಂಗಳಾದ ಮೇಲೆ ಹಿರಿಯೂರಿನಿಂದ ಗ್ರೂಪಿನ ಸುಚೇತಾ ಫೋನ್ ಮಾಡಿದಳು. ಟೀಚರ್ ಆಗಬೇಕು ಅಂತ ಪರೀಕ್ಷೆ ಕಟ್ಟಿದ ಹುಡುಗಿ. ಎರಡೂ ಕಣ್ಣು ಕಾಣದು. ಆ ಎರಡು ಪಾಠ ಸಿಗದೆ ಹಾಗೇ ಪರೀಕ್ಷೆ ಬರೆದು, ಫೇಲಾಗಿದ್ದಳು.

ಮುಂದಿನ ಸಲಕ್ಕೆ ಬೇಕು ಅಂತ ಶಂಶಾದಳನ್ನೇ ಕೇಳಿದ್ದಳಂತೆ. ಅವಳು ಹಳೇ ಫೈಲನ್ನೇ ಕಳಿಸಿದಳಂತೆ.

"ಸರ್... ಆ ಫೈಲ್ ನನ್ನ ಫೋನಲ್ಲಿ ಒಂದೇ ಸಲಕ್ಕೆ ಓಪನ್ ಆಯ್ತು."

ಅವಳು ಬಯ್ಯಲಿಲ್ಲ. ಕೇಳಿದಳು... "ಫೇಲಾಗೋದು ನನಗೆ ಹೊಸದಲ್ಲ ಸರ್. ಆದ್ರೆ ನಮಗೆ ಕಾಣಲ್ಲ ಅಂತಾನೇ ನಿಮ್ಮ ಮಾತು ನಂಬಿದ್ವಿ. ಇನ್ಮೇಲೆ ಯಾವುದು ನಿಜ, ಯಾವುದು ಸುಳ್ಳು ಅಂತ ನಾನು ಹೇಗೆ ನೋಡ್ಲಿ?"

ಅವತ್ತೇ ಸಂಜೆ ಗ್ರೂಪಿನಲ್ಲಿ ತಮ್ಮದೇ ದನಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡರು. ಫೋನ್ ಕೆಟ್ಟಿರಲಿಲ್ಲ, ಕೆಟ್ಟಿದ್ದು ನನ್ನ ಮನಸ್ಸು ಅಂದರು.

ಐವತ್ತು ಜನ ಗ್ರೂಪ್ ಬಿಟ್ಟರು. ಕೆಲವರು ಛೀಮಾರಿ ಹಾಕಿದರು.

ಶಂಶಾದಳಿಗೆ ಫೋನ್ ಮಾಡಿದಾಗ ಹೊಲಿಗೆ ಮಷೀನಿನ ಸದ್ದು ನಿಂತಿತು.

"ನಾಲ್ಕನೇ ಸಲ ಓದೋವಾಗ ನನ್ನ ದನಿ ನಡಗತಿತ್ರಿ ಸರ್... ನನ್ನ ಕನ್ನಡಾನೇ ಸರಿ ಇಲ್ಲೇನೋ ಅನಿಸಿತ್ತು."

ಮೇಷ್ಟ್ರು ಅತ್ತುಬಿಟ್ಟರು. ಕ್ಷಮಿಸಿದೆ ಅಂತ ಅವಳು ಹೇಳಲಿಲ್ಲ. ಅವರೂ ಕೇಳಲಿಲ್ಲ.

ಸದಸ್ಯರು ಹೊಸ ಏರ್ಪಾಡು ಮಾಡಿಕೊಂಡರು. ಫೈಲ್ ಇನ್ನು ನೇರವಾಗಿ ಎಲ್ಲರಿಗೂ ಬರಬೇಕು. ಡಿಲೀಟ್ ಮಾಡಬೇಕಾದರೆ ಮೂವರು ಒಪ್ಪಬೇಕು, ಆ ಮೂವರಲ್ಲಿ ಇಬ್ಬರು ಕಣ್ಣು ಕಾಣದವರೇ ಆಗಿರಬೇಕು. ಯಾವ ಊರಿನ ಕನ್ನಡವಾದರೂ ಸರಿ, ಓದಬಹುದು.

ಎಲ್ಲರೂ ಕರೆದು ಕರೆದು ಶಂಶಾದಳನ್ನು ವಾಪಸ್ ತಂದರು. ಅವಳ ಹಿಂದೆ ಕುಂದಾಪುರದ ಒಬ್ಬ ಮೀನಿನ ವ್ಯಾಪಾರಿ, ಚಾಮರಾಜನಗರದ ಒಬ್ಬ ಕಂಡಕ್ಟರ್ ಓದಲು ಬಂದರು.

ಮೇಷ್ಟ್ರು ಅಡ್ಮಿನ್ ಸ್ಥಾನ ಬಿಟ್ಟುಕೊಟ್ಟರು. ಯಾರೂ ಕೈಗೆತ್ತಿಕೊಳ್ಳದ ಕೆಲಸ ಕೇಳಿ ಪಡೆದರು. ಪುಸ್ತಕದ ಕೋಷ್ಟಕಗಳನ್ನು, ಚಿತ್ರಗಳನ್ನು ಮಾತಿನಲ್ಲಿ ವಿವರಿಸುವ ಕೆಲಸ. ಹೇಗೆ ವಿವರಿಸಬೇಕು ಅಂತ ಶಂಶಾದಳ ಪಾಠಗಳನ್ನು ಕೇಳಿ ಕೇಳಿ ಕಲಿತರು.

ಥ್ಯಾಂಕ್ಸ್ ಬರಲಿಲ್ಲ. ಅವರು ಎಣಿಸಲೂ ಇಲ್ಲ.

ಎಂಟು ತಿಂಗಳು ಹೀಗೇ ಕಳೆಯಿತು...

ಒಂದು ಬೆಳಗ್ಗೆ ಸುಚೇತಾಳಿಂದ ಒಂದು ಫೋಟೋ ಬಂತು. ಗ್ರೂಪಿಗಲ್ಲ, ಅವರೊಬ್ಬರಿಗೇ. ಅವಳ ಪರೀಕ್ಷೆಯ ಹಾಲ್ ಟಿಕೆಟ್.

ದಿನ, ಸಮಯ, ಸೆಂಟರ್ ಓದಿ ಹೇಳ್ತೀರಾ ಅಂತ ಕೇಳಿದ್ದಳು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಐದು ಸಲ ಓದಿಕೊಂಡರು. ಆಮೇಲೆ ನಿಧಾನವಾಗಿ ಹೇಳಿ, ಯಾವುದಕ್ಕೂ ಇನ್ನೊಬ್ಬರ ಹತ್ತಿರ ಒಂದು ಸಲ ಓದಿಸಿಕೊಳ್ಳಮ್ಮ ಅಂತ ಸೇರಿಸಿದರು.

ಉತ್ತರ ತಕ್ಷಣ ಬಂತು...

"ಬೇಡ ಸರ್. ನೀವು ಹೇಳಿದ್ರಲ್ಲ, ಸಾಕು."

ಮೇಷ್ಟ್ರು ಫೋನನ್ನು ಎದೆಗೊತ್ತಿಕೊಂಡರು.


ನಂಬಿಕೆ ಒಡೆಯಲು ಒಂದು ಸುಳ್ಳು ಸಾಕು... ಅದು ಮರಳಿ ಬರಲು, ಯಾರೂ ಮೆಚ್ಚದ ದಿನಗಳಲ್ಲೂ ಪ್ರಾಮಾಣಿಕವಾಗಿ ದುಡಿಯಬೇಕು.

ನಿಮ್ಮ ಗ್ರೂಪಿನಲ್ಲಿ ಯಾರಾದರೂ ಸದ್ದಿಲ್ಲದೆ ಹೊರಗೆ ಹೋಗಿದ್ದಾರಾ? ಯಾಕೆ ಹೋದರು ಅಂತ ನೀವು ಒಂದು ಸಲವಾದರೂ ಕೇಳಿದ್ದೀರಾ?